ಕತ್ತರಿ ಕಟ್ಟು

೨೦೨೪ರ ನವೆಂಬರ್ ೧೭, ಭಾನುವಾರ, ಬೆಳಗಿನ ಹತ್ತೂ ಇಪ್ಪತ್ತು. ಸೋಮೇಶ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಮೊಣಕಾಲೂರಿ, ಹಲ್ಲು ಕಚ್ಚಿ ನೈಲಾನ್ ಹಗ್ಗ ಎಳೆಯುತ್ತಿದ್ದ. ಎದುರಿನ ಕುರ್ಚಿಯಲ್ಲಿ ಅವನ ಕಾಕಾ ತಿರಕಪ್ಪ ಹೊಸ ರುಮಾಲು ಸುತ್ತಿ, ಕೊರಳ ತುಂಬ ಚೆಂಡುಹೂ ಹಾಕಿಕೊಂಡು ಮದುಮಗನಂತೆ ಕುಳಿತಿದ್ದ. ಉಸಿರೊಂದು ಇರಲಿಲ್ಲ.

“ಇನ್ನೂ ಬಿಗಿ ಮಾಡಲೇ,” ಕೆಳಗೆ ನಿಂತಿದ್ದ ತಿರಕಪ್ಪನ ಹೆಂಡತಿ ದುರಗವ್ವ ಅಂದಳು. “ನಿಮ್ಮಪ್ಪನಂಗ ಆಗಬಾರದು.”

ಹೋದ ವರ್ಷ ಮುಳಗುಂದದಲ್ಲಿ ಸೋಮೇಶನ ಅಪ್ಪನನ್ನು ಹೀಗೇ ಕೂಡ್ರಿಸಿ ಮಣ್ಣಿಗೆ ಒಯ್ಯುವಾಗ, ತಿರುವಿನಲ್ಲಿ ಕುರ್ಚಿ ವಾಲಿ, ಹೆಣ ಭಜನೆಯವನ ಹೆಗಲಿಗೆ ಒರಗಿತ್ತು. ‘ಪದಾ ಕೇಳಾಕ ಬಗ್ಗ್ಯಾನ’ ಎಂದು ಊರು ಇವತ್ತಿಗೂ ನಗುತ್ತದೆ. ಅಣ್ಣನ ಮಣ್ಣು ಮುಗಿಸಿ ಬಂದ ತಿರಕಪ್ಪ ಹೆಂಡತಿಗೆ ಹೇಳಿದ್ದ: “ನಾ ನೆಟ್ಟಗ ಕುಂತು ಹೋಗಬೇಕು ನೋಡ. ರೇಲ್ವೆ ಗೇಟಿನ್ಯಾಗ ನಿಂತು ಲೋಡು ನೋಡಿದ ಜೀವ ಇದು.” ದುರಗವ್ವ ಆಗ ಹೂಂ ಅಂದಿದ್ದಳು.

ಬೆಟಗೇರಿಯ ಟೇಲರ್ ಯಮನೂರಸಾಬ ಗುಂಪು ಸರಿಸಿಕೊಂಡು ಬಂದ. ಗೆಳೆಯನ ಮುಖವನ್ನು ಒಮ್ಮೆ ನೋಡಿದ. ಕುರ್ಚಿಯ ಕಾಲುಗಳನ್ನು ಬಹಳ ಹೊತ್ತು ನೋಡಿದ. ಹಗ್ಗವೆಲ್ಲ ಬಲಕ್ಕೆ ಜಗ್ಗಿ, ಎಡಗಡೆಯ ಒಂದು ಕಾಲು ಹಲಗೆ ಬಿಟ್ಟು ಮೇಲೆದ್ದಿತ್ತು.

“ಬಿಚ್ಚಲೇ ಸೋಮ್ಯಾ. ಈ ತಪ್ಪು ನಾ ಮಾಡಿ ಮುಗಿಸೇನಿ.”

* * *

ರೈಲ್ವೆ ಗೇಟು ಕಾಯುವ ಕೆಲಸ ಮುಗಿದು ಪೆನ್ಶನ್ ಆದ ಮೇಲೆ ತಿರಕಪ್ಪ ಪಡಸಾಲೆಯಲ್ಲಿ ಆಟಿಕೆ ರೈಲು ಹಾಕಿದ್ದ. ಎಂಜಿನ್ ಕೊಂಡದ್ದು, ಗೋಡೆಯಿಲ್ಲದ, ಅಂಗೈ ಉದ್ದದ ಬಯಲು ವ್ಯಾಗನ್‌ಗಳು ಅವನೇ ಕೆತ್ತಿದವು. ಒಂದೊಂದರ ಮೇಲೂ ಒಂದು ಪುಟ್ಟ ಟ್ರ್ಯಾಕ್ಟರ್. ಗೇಟಿನ ಮುಂದೆ ಎಷ್ಟೋ ಟ್ರ್ಯಾಕ್ಟರು, ಮಿಲಿಟರಿ ಲಾರಿ ವ್ಯಾಗನ್ ಏರಿ ಹೋಗಿದ್ದವು. ಒಂದೂ ಬೀಳಲಿಲ್ಲ. ಅದು ಹೇಗೆ ಎಂಬುದೇ ಅವನ ಹುಚ್ಚು.

ದಾರ ತಂದವನು ಯಮನೂರಸಾಬ. ಮೊದಲ ದಿನ ಗುಂಡಿ ಹಚ್ಚುವವನ ಹಾಗೆ ಒಂದೇ ಕಡೆ ಬಿಗಿದ. ತೆಳು ವ್ಯಾಗನ್ ತಿರುಚಿ, ಒಂದು ಗಾಲಿ ಹಳಿ ಬಿಟ್ಟು ಎದ್ದಿತು. ತಿರುವಿನಲ್ಲಿ ಟ್ರ್ಯಾಕ್ಟರ್ ಹಾರಿ, ದುರಗವ್ವನ ಮಜ್ಜಿಗೆ ಪಾತ್ರೆಗೆ ಬಿತ್ತು.

“ಅಂಗಿ ಹೊಲಿಯಾಕತ್ತೀಯೋ, ಲೋಡು ಕಟ್ಟಾಕತ್ತೀಯೋ?”

“ನಿನ್ನ ತಿರುವು ಸೊಟ್ಟ ಐತಿ!”

“ತಿರುವು ಸೊಟ್ಟ ಇರದ ನೆಟ್ಟಗ ಇರತೈತೇನಲೇ?”

ದುರಗವ್ವ ಸೌಟಿನಿಂದ ಟ್ರ್ಯಾಕ್ಟರ್ ಎತ್ತಿದಳು. “ಒಗ್ಗರಣಿ ಚಲೋ ಆಗೇತಿ. ಇನ್ನೊಂದು ಬಿಡ್ರಿ.”

ದಿನಾ ಸಂಜೆ ಕಟ್ಟಿದರು, ಬೀಳಿಸಿದರು, ಜಗಳಾಡಿದರು. ಕೊನೆಗೆ ಟ್ರ್ಯಾಕ್ಟರಿನ ಗಾಲಿಗೆ ಬೆಂಕಿಕಡ್ಡಿಯ ತಡೆ ಕೊಟ್ಟು, ನಾಲ್ಕು ದಾರಗಳನ್ನು ಕತ್ತರಿಯಂತೆ ಅಡ್ಡಡ್ಡ ಹಾಯಿಸಿ, ನಾಲ್ಕಕ್ಕೂ ಒಂದೇ ಬಿಗಿ ಕೊಟ್ಟಾಗ ಲೋಡು ನಿಂತಿತು. ಅಷ್ಟಕ್ಕೆ ತಿರಕಪ್ಪನಿಗೆ ಸಮಾಧಾನವಿಲ್ಲ. “ಬೀಳಲಿಲ್ಲ ಅಂದ್ರ ಆಗೂದಿಲ್ಲ, ಎಷ್ಟು ಸರೀತು ಹೇಳು,” ಎಂದು ಗಾಲಿಯ ಪಕ್ಕ ಗೆರೆ ಎಳೆದು, ರೈಲು ಓಡಿಸಿ, ಸ್ಟೀಲ್ ಪಟ್ಟಿ ಹಿಡಿದು ಅಳೆಯುತ್ತಿದ್ದ. ಎರಡು ಮಿಲಿಮೀಟರಿಗಿಂತ ಕಡಿಮೆ ಅವರಿಗೆ ಎಂದೂ ಬರಲಿಲ್ಲ.

* * *

ಸೋಮೇಶ ಹಗ್ಗ ಬಿಚ್ಚಿದ. ಕುರ್ಚಿಯ ಕಾಲುಗಳಿಗೆ ಕಟ್ಟಿಗೆಯ ತುಂಡುಗಳ ತಡೆ ಬಿತ್ತು. ನಾಲ್ಕು ಮೂಲೆಯಿಂದ ನಾಲ್ಕು ಹಗ್ಗ ಅಡ್ಡಡ್ಡ ಹಾಯ್ದವು. ಯಮನೂರಸಾಬ ಒಂದೊಂದನ್ನೂ ಬೆರಳಿನಿಂದ ಮೀಟಿ, ಕಿವಿಗೊಟ್ಟು ಕೇಳಿದ. ಆಮೇಲೆ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಕುರ್ಚಿಯ ಕಾಲಿನ ಪಕ್ಕ ಸಣ್ಣಗೆ ಗೆರೆ ಎಳೆದ.

ಭಜನೆ ಶುರುವಾಯಿತು. ರೈಲ್ವೆ ಗೇಟಿನ ದಿಬ್ಬಕ್ಕೆ ಟ್ರೇಲರ್ ಎಗರಿತು. ದುರಗವ್ವ ಕಣ್ಣು ಮುಚ್ಚಿದಳು. ರುದ್ರಭೂಮಿಯ ತಿರುವಿನಲ್ಲಿ ತಾಳಗಳು ತಾವಾಗಿಯೇ ನಿಂತವು. ಹೂಮಾಲೆ ಅತ್ತ ತೂಗಿತು, ಇತ್ತ ತೂಗಿತು. ತಿರಕಪ್ಪ ಅಲುಗಲಿಲ್ಲ.

“ಕುಂತಾನ ನೋಡ್ರಿ, ಸ್ಟೇಷನ್ ಮಾಸ್ತರ ಕುಂತಂಗ!” ಯಾರೋ ಕೂಗಿದರು. ತಾಳ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ.

“ಜೀವ ಇದ್ದಾಗ ಒಂದಿನಾನೂ ಹಿಂಗ ಕುಂತಿದ್ದಿಲ್ಲ ಬಿಡ್ರಿ,” ಅಂದಳು ದುರಗವ್ವ. ಅಳುತ್ತಲೇ ನಕ್ಕಳು, ಸುತ್ತಲಿನವರೂ ನಕ್ಕರು.

ಕುಣಿಯ ಹತ್ತಿರ ಟ್ರ್ಯಾಕ್ಟರ್ ನಿಂತಿತು. ಸೋಮೇಶ ಹಗ್ಗಕ್ಕೆ ಕೈ ಹಾಕಿದ.

“ತಡಿಯೋ,” ಎಂದ ದುರಗವ್ವ ಸೊಂಟದಿಂದ ಗಂಡನ ಸ್ಟೀಲ್ ಪಟ್ಟಿ ತೆಗೆದು ಚಾಚಿದಳು. “ನೋಡು ಯಮನೂರಣ್ಣ. ಇಲ್ಲಂದ್ರ ಅವ ಇಳಿಯೂದಿಲ್ಲ.”

ಯಮನೂರಸಾಬ ಚಾಳೀಸು ಒರೆಸಿ, ಬಗ್ಗಿ, ಗೆರೆಗೂ ಕಾಲಿಗೂ ನಡುವೆ ಪಟ್ಟಿ ಇಟ್ಟ. ಒಮ್ಮೆ ಓದಿದ. ಮತ್ತೊಮ್ಮೆ ಓದಿದ.

ಸರಿದದ್ದು ಒಂದು ಮಿಲಿಮೀಟರ್.