ಅರವತ್ತಮೂರು ಮಂದಿ ರಾಮಲಿಂಗಪ್ಪ

ಶನಿವಾರ ಬೆಳಿಗ್ಗೆ ಪುಣೆಯ ಬಿಬವೇವಾಡಿಯ ಕನ್ನಡ ಸಂಘದ ಖೋಲಿಯಲ್ಲಿ, ಕಂಪ್ಯೂಟರಿನ ಮುಂದೆ ಪ್ರಲ್ಹಾದ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದ. ವಾರವಿಡೀ ಶಿವಾಜಿನಗರದ ಆಫೀಸಿನಲ್ಲಿ ಗುಮಾಸ್ತಿಕೆ, ರಜೆ ಬಂದರೆ ಈ ‘ಪುಣೆ ಕಟ್ಟಿ’ಯ ಚಾಕರಿ. ಊರ ಕಟ್ಟೆಯ ಮೇಲೆ ಕೂತಂತೆ ಜನ ಬರೆದು ಹರಟುವ ವೆಬ್‌ಸೈಟು ಅದು. ಏಳು ವರ್ಷದಿಂದ ತಾನೇ ಪುಸ್ತಕ ನೋಡಿ ಕಲಿತು ನಡೆಸಿಕೊಂಡು ಬಂದಿದ್ದ.

ಹಳೆಯ ಸರ್ವರ್ ಕೊನೆಯುಸಿರು ಎಳೆಯುತ್ತಿತ್ತು. ಗುರುವಾರ ಕರೆಂಟ್ ಹೋಗುವ ದಿನ, ಅಂದು ಬೇಡವೆಂದು ಶುಕ್ರವಾರ ರಜೆ ಹಾಕಿ, ಎಲ್ಲವನ್ನೂ ಹೊಸ ಸರ್ವರಿಗೆ ಸಾಗಿಸಿ, ಹೊಸ ಸಾಫ್ಟ್‌ವೇರ್ ಏರಿಸಿದ. ಅಷ್ಟರಲ್ಲಿ ಹಳೆಯದು ಪೂರ್ತಿ ಸತ್ತೇಹೋಯಿತು. ಬ್ಯಾಕಪ್ಪಿನ ಸೀಡಿ ತೆಗೆದರೆ ಅದರ ತುಂಬ ಗೀರು.

ಯಡವಟ್ಟು ಗೊತ್ತಾದದ್ದು ಆಮೇಲೆ. ಶುರುವಿನಲ್ಲಿ ಯಾರಿಗೂ ಇಮೇಲ್ ಇರಲಿಲ್ಲ. ಮನೆಯಲ್ಲಿ ಫೋನಿಲ್ಲದವರು ಪಕ್ಕದ ಮನೆಯ ನಂಬರು ಕೊಡುತ್ತಿದ್ದರಲ್ಲ, ಹಾಗೆ ಎಲ್ಲರೂ ಸಂಘದ ಕಾರ್ಯದರ್ಶಿ ರಾಮಲಿಂಗಪ್ಪನವರ ಇಮೇಲನ್ನೇ ಕೊಟ್ಟಿದ್ದರು. ಹಳೆಯ ಸಾಫ್ಟ್‌ವೇರ್ ಸುಮ್ಮನಿತ್ತು. ಹೊಸದಕ್ಕೆ ಒಂದು ಇಮೇಲ್ ಎಂದರೆ ಒಬ್ಬನೇ ಮನುಷ್ಯ. ಅರವತ್ತಮೂರು ಮಂದಿಯನ್ನು ಕಲೆಸಿ ಒಬ್ಬ ರಾಮಲಿಂಗಪ್ಪನನ್ನು ಮಾಡಿಟ್ಟಿತ್ತು. ಯಾರು ಬರೆದದ್ದರ ಮೇಲೂ ಈಗ ಅವರದೇ ಹೆಸರು.

ರಾಮಲಿಂಗಪ್ಪನವರ ಫೋನ್ ಬಂತು. “ಪ್ರಲ್ಹಾದ, ನನಗ ನಾನ ಕಂಜೂಸ ಅಂತ ಬೈಕೊಂಡೀನಲ್ಲೋ!”

“ಅದು ಶಂಕ್ರೆಪ್ಪನವರು ಬೈದದ್ದ್ರಿ.”

“ಕೆಳಗ ‘ಖರೇ ಅದ’ ಅಂತ ಒಪ್ಪಿದವರು?”

“ಉಳಿದವರೆಲ್ಲಾರೂ ರೀ.”

ನಾಲ್ಕು ಸಾವಿರ ಬರಹ. ಹಳೆಯದೆಲ್ಲ ಹೀಗೇ ಇರಲಿ, ಇನ್ನು ತನ್ನಿಂದಾಗದು ಎಂದು ಅವನು ಕಂಪ್ಯೂಟರ್ ಮುಚ್ಚಲು ಹೋದಾಗ ಬಾಗಿಲಲ್ಲಿ ಪಾರವ್ವ, ಕೈಯಲ್ಲಿ ಡಬ್ಬಿ.

ಅವಳ ಗಂಡ ಹುಲಿಗೆಪ್ಪ ಕುರಕುಂಭದ ಕಾರ್ಖಾನೆಯಲ್ಲಿದ್ದವನು, ತೀರಿಹೋಗಿ ವರ್ಷವಾಗಿತ್ತು. ಪಾರವ್ವನಿಗೆ ಓದು ಬಾರದು, ಗಂಡನ ಹೆಸರಿನ ನಾಲ್ಕಕ್ಷರದ ಗುರುತು ಮಾತ್ರ ಇತ್ತು. ಪ್ರತಿ ಶನಿವಾರ ಪ್ರಲ್ಹಾದನಿಗೆ ಊಟದ ಡಬ್ಬಿ ತಂದು, ಪರದೆಯ ಮೇಲೆ ಅದನ್ನು ಹುಡುಕಿ ಬೆರಳಿಡುವಳು. ಗಂಡ ಕಟ್ಟಿಯಲ್ಲಿ ಬರೆದಿಟ್ಟದ್ದನ್ನು ಪ್ರಲ್ಹಾದ ಓದಿ ಹೇಳುವನು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ.

ಬೆರಳು ಪರದೆಯ ಮೇಲೆಲ್ಲ ಅಲೆಯಿತು. “ತಮ್ಮಾ, ಅದು ಎಲ್ಲಿ ಹೋತೋ?”

“ಹೆಸರು ಅಳಿಸ್ಯಾವ ಅಕ್ಕಾ. ಮಾತು ಅದಾವ, ಯಾವುದು ಯಾರದು ಅನ್ನೋದು ತಿಳೀವಲ್ದು.”

“ಓದು ಮತ್ತ. ನನಗ ತಿಳೀತದ.”

ಅವನು ನಿಟ್ಟುಸಿರು ಬಿಟ್ಟು ಓದಿದ: “ಕುರಕುಂಭದ ಬಸ್ಸು ಇವತ್ತೂ ಬರಲಿಲ್ಲ. ಇರ್ಲಿ, ನಡಕೋತ ಹೋದ್ರ ಹಸಿವಿ ಆಗ್ತದ.”

ಪಾರವ್ವ ಹೌದೆಂದು ತಲೆಯಾಡಿಸಿದಳು. ಅವನು ಮುಂದಿನದನ್ನು ಓದಿದ.

“ಸಂಘದವರೆಲ್ಲ ಕಳ್ಳರು!”

“ಛೀ, ಅವರು ಹಂಗ ಒದರೂ ಮನಶ್ಯಾ ಅಲ್ಲ. ಮುಂದ ಓದು.”

ಮುಂದಿನದನ್ನು ನೋಡಿ ಪ್ರಲ್ಹಾದ ತಡೆದ. ಅವಳು ಬಿಡದಿದ್ದಾಗ ಓದಿದ: “ನಮ್ಮ ಮನಿಯಾಕಿ ಜುಣಕಕ್ಕ ಉಪ್ಪು ಕಡಿಮಿ ಹಾಕ್ತಾಳ. ಮೂವತ್ತು ವರ್ಷ ಆತು, ಹೇಳಿಲ್ಲ. ಈಗ ಹೇಳಿ ಸರಿ ಮಾಡಿದ್ರ ನನಗ ಸೇರೂದಿಲ್ಲ.”

ಪಾರವ್ವ ಡಬ್ಬಿಯತ್ತ ನೋಡಿದಳು. “ಖರೇ ಹೇಳು. ಒಂದು ವರ್ಷದಿಂದ ಉಣ್ಣಾಕತ್ತೀಯಲ್ಲ, ಉಪ್ಪು ಕಡಿಮಿ ಏನು?”

“ಒಂದೀಟು, ಅಕ್ಕಾ.”

ಅವಳಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕಳ್ಳ! ಅವರದ ಅದು. ಹೆಸರು ಹಾಕು.”

ಪ್ರಲ್ಹಾದ ರಾಮಲಿಂಗಪ್ಪನನ್ನು ಅಳಿಸಿ ಹುಲಿಗೆಪ್ಪ ಎಂದು ಒತ್ತಿದ. ಪಾರವ್ವ ನಾಲ್ಕಕ್ಷರದ ಮೇಲೆ ಬೆರಳಿಟ್ಟಳು.

“ಇನ್ನ ಎಷ್ಟು ಅದಾವು?”

“ನಾಕು ಸಾವಿರ.”

“ಹಂಗಾದ್ರ ಮೊದಲ ಉಣ್ಣು.”

ಅವನು ಡಬ್ಬಿ ತೆರೆದ. ಕಡಲೆಹಿಟ್ಟಿನ ಅದೇ ಜುಣಕ. ಉಪ್ಪು ಕೇಳದೆ ಒಂದು ತುತ್ತು ಬಾಯಿಗಿಟ್ಟುಕೊಂಡು, ಎಡಗೈಯಿಂದ ಮುಂದಿನ ಬರಹ ತೆರೆದ.