ಕೋರ್ಟು ಏಳುವ ತನಕ

"ಇದೇನದ ಮೌನಪ್ಪ? ಸಜಾ ಆದಾವ ಬಂದೂಕ ಕೇಳ್ಲಾಕತ್ತೀದಿ?"

ಲೈಸೆನ್ಸ್ ಕಚೇರಿಯ ಸಾಹೇಬ ವಿಜಯಕುಮಾರ ಕಾಗದದಿಂದ ತಲೆ ಎತ್ತದೆಯೇ ಕೇಳಿದರು. ಜಹೀರಾಬಾದಿನ ಕಡೆಯವರು. ಉಳಿದವರೊಡನೆ ತೆಲುಗು, ಹಿಂದಿ ಆಡುತ್ತಿದ್ದವರು ಮೌನಪ್ಪನ ಊರು ಸುರಪುರ ಎಂದು ಓದಿದ ಮೇಲೆ ಮನೆಮಾತಾದ ಕನ್ನಡಕ್ಕೆ ಇಳಿದಿದ್ದರು. ಆ ಮಾತು ಕಿವಿಗೆ ಬಿದ್ದಾಗ ಮೌನಪ್ಪನಿಗೆ ಅರ್ಧ ಕೆಲಸ ಆದಂತೆಯೇ ಅನ್ನಿಸಿತ್ತು. ಈಗ ಅದೇ ಮಾತಿನಲ್ಲಿ ಸಜೆಯ ಸುದ್ದಿ ಬಂದಾಗ, ತನ್ನ ಬೆನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

"ನಾ ಎಂದೂ ಜೇಲಿನ ಮಾರಿ ನೋಡಿಲ್ರಿ ಸಾಹೇಬ್ರ."

"ಮತ್ತ ಇದು? ಗಚ್ಚಿಬೌಲಿ ಕಟ್ಟಡದ ಕೇಸು. ದೊಂಬಿ, ಹೊಡೆದಾಟ. ತಪ್ಪು ಒಪ್ಪಿಕೊಂಡೀದಿ. ಕೋರ್ಟು ಏಳೋ ತನಕ ಸಜಾ, ಮ್ಯಾಲ ದಂಡ."

"ಅದು ಸಜಾ ಏನ್ರಿ? ಗ್ವಾಡಿಗೆ ಕುಂತಿದ್ವಿರಿ, ಅಷ್ಟ."

ಎದುರಿನ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದವನು ಗೊಳ್ಳೆಂದು ನಕ್ಕ. ನಿಶಾಂತ ಎಂದು ಅವನ ಹೆಸರು, ಪ್ಲಾಟುಗಳ ವ್ಯವಹಾರದವನು, ಕನ್ನಡ ಆಡಲು ಬಾರದಿದ್ದರೂ ತಿಳಿಯುತ್ತಿತ್ತು, ತನ್ನ ಪಿಸ್ತೂಲಿನ ಲೈಸೆನ್ಸು ಹೊಸದು ಮಾಡಿಸಲು ಬಂದಿದ್ದ. ಸಾಹೇಬರೂ ಸ್ವಲ್ಪ ನಕ್ಕರು. ಮೌನಪ್ಪನೊಬ್ಬ ನಗಲಿಲ್ಲ.

ಅವನು ತಾರ್ನಾಕದ ಒಂದು ಬಂಗಾರದಂಗಡಿಯ ಕಾವಲುಗಾರ. ಅಂಗಡಿಯ ಮಾಲೀಕ ಭಾಲ್ಕಿಯ ಶಾಂತಕುಮಾರ ಸೇಠ. ಬಾಗಿಲಲ್ಲಿದ್ದ ಮಾಜಿ ಫೌಜಿ ಬಂದೂಕು ಹೆಗಲಿಗೇರಿಸಿಕೊಂಡು ಊರಿಗೆ ಹೋದ ಮೇಲೆ ಸೇಠರು ಕರೆದು ಹೇಳಿದ್ದರು: "ಮೌನಪ್ಪ, ನಿನ್ನಂಥ ನಂಬಿಗಸ್ತ ನನಗ ಬ್ಯಾರೆ ಸಿಗಂಗಿಲ್ಲ. ಆದ್ರ ಬಂದೂಕು ನಿಂದಾ ಇರಬೇಕು, ಲೈಸೆನ್ಸು ನಿನ್ನ ಹೆಸರಿಗೇ ಇರಬೇಕು. ದಸರಾ ಆಗೋದ್ರಾಗ ತಂದ್ರ ಆ ಜಾಗಾ ನಿಂದು. ಇಲ್ಲಾಂದ್ರ ಏಜೆನ್ಸಿಯವರು ಗನ್‌ಮ್ಯಾನ್ ಕಳಿಸ್ತಾರ, ಇಬ್ಬಿಬ್ರನ್ನ ಇಟ್ಕೊಳ್ಳಾಕ ನನಗಾಗಂಗಿಲ್ಲ." ಜಾಗ ಸಿಗದಿದ್ದರೆ ಇದ್ದದ್ದೂ ಹೋಗುತ್ತದೆ ಎಂಬುದು ಆ ಮಾತಿನಲ್ಲೇ ಇತ್ತು.

ಮೌನಪ್ಪ ಗುರಿ ಕಲಿಸುವವರಲ್ಲಿಗೆ ಹೋಗಿ ತರಬೇತಿಯ ಚೀಟಿ ತಂದ. ಬಂದೂಕಿನಂಗಡಿಯಲ್ಲಿ ಒಂದು ಹಳೆಯ ಜೋಡಿ ನಳಿಕೆಯ ಬಂದೂಕು ನೋಡಿದ. ಅಂಗಡಿಯವನು ಅದಕ್ಕೆ ಅವನ ಹೆಸರಿನ ಚೀಟಿ ಕಟ್ಟಿ ಎತ್ತಿಟ್ಟ. ಹೆಂಡತಿ ಗದಿಗೆಮ್ಮ ಮಹಾನವಮಿಗೆಂದು ಹೊಸ ಕೆಂಪು ವಸ್ತ್ರ ತಂದಳು. ತವರಿನಲ್ಲಿ ಅವಳ ಅಜ್ಜ ಆಯುಧ ಪೂಜೆಗೆ ಬಂದೂಕನ್ನು ಹೀಗೆಯೇ ಕೆಂಪು ವಸ್ತ್ರದ ಮೇಲೆ ಮಲಗಿಸುತ್ತಿದ್ದ. ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಮಡಚಿ, ಇವತ್ತು ಅದನ್ನು ರೊಟ್ಟಿಯ ಗಂಟಿನ ಜೊತೆ ಹಿಡಿದುಕೊಂಡು ಬಂದು ಹೊರಗೆ ವರಾಂಡದಲ್ಲಿ ಕೂತಿದ್ದಳು. ಲೈಸೆನ್ಸು ಕೈಗೆ ಬಂದ ಕೂಡಲೇ ಇಬ್ಬರೂ ನೆಟ್ಟಗೆ ಬಂದೂಕಿನಂಗಡಿಗೆ ಹೋಗುವುದೆಂದು ಮಾತಾಗಿತ್ತು.

ಗಚ್ಚಿಬೌಲಿಯ ಆ ಕೇಸು ಹೀಗಿತ್ತು. ಗಂಡ ಹೆಂಡತಿ ಇಬ್ಬರೂ ಆಗ ಅಲ್ಲಿ ಎತ್ತರದ ಕಟ್ಟಡವೊಂದರಲ್ಲಿ ಕೂಲಿಗಿದ್ದರು. ಗದಿಗೆಮ್ಮನ ತಮ್ಮ ಕಾಶಿನಾಥ ಗೋಡೆಗೆ ಗಾರೆ ಗಿಲಾಯಿ ಮಾಡುವವನು. ಅವನು ನಿಂತಿದ್ದ ಬೊಂಬಿನ ಅಟ್ಟಣಿಗೆ ಮುರಿಯಿತು. ಸಿಮೆಂಟಿನ ಖಾಲಿ ಚೀಲ ಹೊದಿಸಿದ ಹೆಣದ ಸುತ್ತ ಊರಿನ ಕೂಲಿಗಳೆಲ್ಲ ಕೂತರು. ಕಟ್ಟಡದ ಮಾಲೀಕ ಬಂದು ಒಮ್ಮೆ ಹೆಣದ ಮುಖ ನೋಡಲಿ, ಆಮೇಲೆ ಎತ್ತುತ್ತೇವೆ ಎಂದರು. ಅಷ್ಟೇ ಕೇಳಿದ್ದು. ಮಾಲೀಕ ಬರಲಿಲ್ಲ, ಅವನ ಜನ ಬಂದರು, ಬಡಿಗೆ ಹಿಡಿದು. ಮೌನಪ್ಪನ ತಲೆ ಒಡೆಯಿತು. ಪೊಲೀಸರು ಬಂದು ಒಯ್ದದ್ದು ಕೂತವರನ್ನು. ಕಾಶಿನಾಥನ ಕೈಯಿಂದ ಬಿದ್ದ ತಾಪಿಯನ್ನು ಮೌನಪ್ಪ ಎತ್ತಿಟ್ಟುಕೊಂಡಿದ್ದ. ಗಾರೆ ಸವರುವ ಆ ತಾಪಿ ಪೊಲೀಸರ ಬರಹದಲ್ಲಿ ಹರಿತವಾದ ಆಯುಧವಾಯಿತು.

ಕೋರ್ಟಿನ ಅಂಗಳದಲ್ಲಿ ಮಾಲೀಕನ ಮುನ್ಶಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದ: "ಕೇಳಿದಾಗ ಹೂಂ ಅನ್ರಿ, ಸಾಕು. ದಂಡ ನಾವ ಕಟ್ತೀವಿ. ಇಲ್ಲ ಅಂದ್ರ ವರ್ಷಗಟ್ಟಲೆ ತಾರೀಕಿಗೆ ಅಲಿತೀರಿ. ಅಲ್ಲಿ ಕಾಶಿನಾಥನ ಮಣ್ಣು ಯಾರು ಮಾಡ್ತಾರ?" ಹೆಣ ಇನ್ನೂ ದವಾಖಾನೆಯಲ್ಲಿತ್ತು. ಎಲ್ಲರೂ ಹೂಂ ಅಂದರು. ನ್ಯಾಯಾಧೀಶರು ಮೆಲ್ಲಗೆ ಏನೋ ಹೇಳಿದರು, ಪೇದೆ ಗೋಡೆಯ ಕಡೆ ಕೈ ತೋರಿಸಿದ. ಕೂತರು. ಸಂಜೆ ನ್ಯಾಯಾಧೀಶರು ಎದ್ದಾಗ ಇವರನ್ನೂ ಎಬ್ಬಿಸಿ ಮನೆಗೆ ಕಳಿಸಿದರು. ಅದೇ ಸಜೆಯೆಂದು ತಿಳಿಯದೆ, ದೊಡ್ಡವರ ಮುಂದೆ ಕಾಯಿಸುವುದು ರೂಢಿ ಎಂದುಕೊಂಡಿದ್ದ ಮೌನಪ್ಪ. ಮಾಡದ್ದನ್ನು ಮಾಡಿದೆ ಎಂದದ್ದು ಮಾತ್ರ ಅವನನ್ನು ಕೊರೆಯಿತು. ಮುಂದಿನ ಸಲ ಊರಿಗೆ ಹೋದಾಗ ತಿಂಥಣಿಯಲ್ಲಿ, ತಾನು ಯಾರ ಹೆಸರು ಹೊತ್ತಿದ್ದನೋ ಆ ಮೌನಪ್ಪಯ್ಯನ ಗುಡಿಯ ಕೆಳಗೆ, ಕೃಷ್ಣೆಯ ನೀರಿನಲ್ಲಿ ನಿಂತು ಕೈಮುಗಿದು, ಇನ್ನೊಮ್ಮೆ ಸುಳ್ಳಾಡಲಾರೆ ಎಂದು ಬಂದಿದ್ದ.

ಇದನ್ನೆಲ್ಲ ಅವನು ಈಗ ನಿಂತುಕೊಂಡೇ ಹೇಳಿದ. ಸಾಹೇಬರು ಕೇಳಿದರು. ಕೆಟ್ಟವರಲ್ಲ, ಪೂರ್ತಿ ಕೇಳಿದರು.

"ಹೂಂ ಕಾಯ್ಕೂ ಬೋಲೇ ಚಾಚಾ?" ಹೂಂ ಯಾಕೆ ಅಂದೆ ಎಂದು ನಿಶಾಂತ ಕನಿಕರದಿಂದಲೇ ಕೇಳಿದ. "ಮೇರೇ ಊಪರ್ ತೀನ್ ಕೇಸಾಂ ಹೈ. ಶಾದಿ ಮೇ ಗೋಲಿ ಚಲಾಯಾ ಸೋ ಭೀ ಹೈ. ವಕೀಲ್ ಆಜ್ ತಕ್ ಹೂಂ ಬೋಲ್ನೇ ನೈ ದಿಯಾ." ಮೂರು ಕೇಸಿದ್ದರೂ ಅವನ ವಕೀಲ ಒಮ್ಮೆಯೂ ಹೂಂ ಅನ್ನಗೊಟ್ಟಿರಲಿಲ್ಲ.

ಮೌನಪ್ಪ ಸಾಹೇಬರ ಮುಖ ನೋಡಿದ. "ಮದುವಿಯಾಗ ಗುಂಡು ಹಾರಿಸಿದವರಿಗೆ ಕೊಡ್ತೀರಿ. ಹೆಣದ ಮುಂದ ಕುಂತವಗ ಇಲ್ಲೇನ್ರಿ?"

"ಅವರ ಕೇಸು ಇನ್ನ ನಡದಾವ. ಶಿಕ್ಷಾ ಆಗಿಲ್ಲ. ನೀ ಒಪ್ಪಿಕೊಂಡೀದಿ, ಅವರು ಒಪ್ಪಿಕೊಂಡಿಲ್ಲ. ಫರಕ್ ಅಷ್ಟೇ ಅದ." ಸಾಹೇಬರು ದನಿ ತಗ್ಗಿಸಿದರು. "ಕೇಳಿಲ್ಲಿ, ಒಂದು ಹಾದಿ ಅದ. ಕೇಸು ಹಳೇದು, ಸಜಾ ಆದವಗ ಲೈಸೆನ್ಸು ಕೊಡಬಾರದಂತ ಕಾನೂನು ಹೇಳೋ ವರ್ಷ ಎಂದೋ ದಾಟ್ಯಾವ. ಆದ್ರ ಸುಧಾರಿಸ್ಯಾನ ಅನ್ಲಾಕ ನನಗ ಏನರೆ ಬೇಕಲ್ಲ? ಹೊರಗ ಟೈಪಿನಾವ ಕುಂತಾನ. ತಿಳೀಲಾರದ ವಯಸ್ಸಿನ್ಯಾಗ ಹೆಣ ಇಟಗೊಂಡು ದಂಗೆ ಮಾಡಿದೆ, ಜನರನ್ನ ಹೊಡದೆ, ಈಗ ಪಶ್ಚಾತ್ತಾಪ ಆಗ್ಯಾದ ಅಂತ ಬರಸಿ ಸಹಿ ಮಾಡು. ಶಿಫಾರಸು ನಾ ಬರೀತೀನಿ."

ಮೌನಪ್ಪ ಹೊರಗೆ ಬಂದ. ಗದಿಗೆಮ್ಮ ಎದ್ದು ನಿಂತಳು.

"ಆತೇನ್ರಿ?"

"ಒಂದು ಕಾಗದಾ ಬರಸ್ಬೇಕಂತ. ತಪ್ಪಾಗೇತಿ ಅಂತ."

"ಬರಸ್ರಿ ಮತ್ತ. ಒಮ್ಮೆ ಹೂಂ ಅಂದವರಿಗೆ ಇನ್ನೊಮ್ಮೆ ಅನ್ನಾಕ ಏನ್ ಧಾಡಿ? ನಿಮ್ಮ ಸತ್ಯ ಕಟಗೊಂಡು ನಾ ಒಲಿಗೆ ಹಾಕ್ಲೇನು? ಸೇಠ ದಾರಿ ಕಾಯಾಕತ್ತಾನ." ಆಮೇಲೆ ಕೇಳಿದಳು, "ಏನಂತ ಬರಸೋದು?"

ಮೌನಪ್ಪ ಹೇಳಿದ. ಸಾಹೇಬರು ಹೇಳಿದ ಹಾಗೆಯೇ, ಒಂದು ಶಬ್ದ ಬಿಡದೆ. ಗದಿಗೆಮ್ಮ ತೊಡೆಯ ಮೇಲಿನಿಂದ ಜಾರಿದ್ದ ಕೆಂಪು ವಸ್ತ್ರವನ್ನು ಎತ್ತಿ ಧೂಳು ಕೊಡವಿದಳು. ಮತ್ತೆ ಮಡಚಿದಳು. ಮಡಿಕೆ ಸರಿ ಬರಲಿಲ್ಲವೆಂದು ಬಿಚ್ಚಿ, ಇನ್ನೊಮ್ಮೆ ಮಡಚತೊಡಗಿದಳು.

ಮೌನಪ್ಪ ತಿರುಗಿ ಒಳಗೆ ಹೋದ.

"ಟೈಪ್ ಆಯ್ತೇನು?"

"ಇಲ್ರಿ ಸಾಹೇಬ್ರ. ನಾ ಹೊಡದಿಲ್ಲ. ಹೊಡಿಸಿಕೊಂಡಾವ ನಾ. ಹಂಗಂತ ಬರಸು ಅಂದ್ರ ಬರಸ್ತೀನಿ."

"ಹಂಗ ಬರದ್ರ ಆಗಂಗಿಲ್ಲ."

"ಆಗಬ್ಯಾಡ್ರಿ." ಅವನ ದನಿ ಏರಲಿಲ್ಲ. "ನನ್ನ ಹೆಂಡತಿ ತಮ್ಮನ್ನ ಕೊಂದ ಕಟ್ಟಡ ಇನ್ನೂ ನಿಂತೈತಿ. ಮಂದಿ ಬಾಲ್ಕನ್ಯಾಗ ಅರಬಿ ಒಣಗ್ಸಾಕತ್ತಾರ. ಕಟ್ಟಿಸಿದವಗ ಯಾರೂ ಏನೂ ಕೇಳಿಲ್ಲ. ಕುಂತವರು ನಾವು, ಗುನ್ಹೇಗಾರ್ರು ನಾವು. ಈಗ ಅದು ಪಾಪ ಅಂತ ನಾನಾ ಬರಕೊಡಬೇಕು! ಅವತ್ತ ಕೋರ್ಟು ಏಳೋ ತನಕ ಯಾಕ ಕುಂಡ್ರಿಸಿದ್ರು ಅಂತ ಗೊತ್ತಿರಲಿಲ್ಲ, ಸುಮ್ನ ಕುಂತೆ. ಇವತ್ತ ಗೊತ್ತಿದ್ದು ಕುಂಡ್ರತೀನಿ."

ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಅರೇ ಉಠೋ!" ಜವಾನ ರಟ್ಟೆಗೆ ಕೈಹಾಕಿದ. ಸಾಹೇಬರು, "ಬಿಡು, ತಾನೇ ಹೋಗ್ತಾನ," ಎಂದು ಮುಂದಿನ ಕಾಗದ ಎತ್ತಿಕೊಂಡರು. ನಿಶಾಂತ ತನ್ನ ಹೊಸ ಲೈಸೆನ್ಸನ್ನು ಜೇಬಿಗಿಳಿಸಿ, ಮೌನಪ್ಪನ ಮೊಣಕಾಲು ತಗುಲದಂತೆ ಸರಿದು ಹೋದ.

ಸ್ವಲ್ಪ ಹೊತ್ತಿಗೆ ಗದಿಗೆಮ್ಮ ಒಳಗೆ ಇಣುಕಿದಳು. ಗಂಡ ಕೂತದ್ದನ್ನು ನೋಡಿದಳು. ಕೆಂಪು ವಸ್ತ್ರವನ್ನು ಬಿಚ್ಚಿ ಹೊಸ್ತಿಲ ಅಡ್ಡಕ್ಕೆ, ಅಳೆದಂತೆ ನೇರವಾಗಿ ಹಾಸಿ, ಅದರ ಅಂಚಿನಲ್ಲಿ ತಾನೂ ಕೂತಳು. ರೊಟ್ಟಿಯ ಗಂಟು ಬಿಚ್ಚಿದಳು. ಎದುರು ನಿಂತ ಜವಾನನಿಗೂ ಒಂದು ಮುರಿದು ಕೊಟ್ಟಳು: "ತಗೋ ಯಪ್ಪಾ, ಎಬ್ಬಿಸಾಕೂ ತಾಕತ್ತು ಬೇಕಲ್ಲ." ಅವನು ನಾಚಿಕೊಂಡು ತೆಗೆದುಕೊಂಡ. ಬಂದ ಮಂದಿ ವಸ್ತ್ರ ದಾಟದೆ ಬಾಗಿಲಾಚೆ ನಿಂತೇ ಕಾಗದ ಚಾಚಿ ಕೊಟ್ಟು ಹೋದರು.

ಸಂಜೆಯಾಯಿತು. ಕಪಾಟುಗಳಿಗೆ ಬೀಗ ಬಿತ್ತು. ಜವಾನ ದೀಪ, ಫ್ಯಾನು ಆರಿಸಿದ. ವಿಜಯಕುಮಾರ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರು.

"ಏಳು ಮೌನಪ್ಪ. ಕಚೇರಿ ಎದ್ದದ."

ಮೌನಪ್ಪ ಏಳಲಿಲ್ಲ. ಗದಿಗೆಮ್ಮ ಸೆರಗು ಸರಿಮಾಡಿಕೊಂಡು ಕೂತೇ ಇದ್ದಳು.

ಸಾಹೇಬರು ದಾಟಲು ಬೂಟುಗಾಲು ಎತ್ತಿದರು. ವರಾಂಡದ ಬೆಳಕು ವಸ್ತ್ರದ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಪೂಜೆಯ ಅರಿಶಿನ ಕುಂಕುಮ ಕಂಡಿತು. ಎತ್ತಿದ ಕಾಲು ಹಾಗೆಯೇ ಹಿಂದಕ್ಕೆ ಬಂತು. ಬೀಗದ ಕೈ ಹಿಡಿದುಕೊಂಡು ಅವರು ಕತ್ತಲಾದ ಕೋಣೆಯ ಒಳಗೇ ನಿಂತರು. ತಲೆಯ ಮೇಲೆ ಆರಿಸಿದ ಫ್ಯಾನು ಇನ್ನೂ ಮೆಲ್ಲಗೆ ತಿರುಗುತ್ತಿತ್ತು.