ತೊಳೆದರೂ ಹೋಗದ ಲೇಪ

ನಾನು ಗೇಣುದ್ದದ ಒಂದು ಉಕ್ಕಿನ ಕೊಳವೆ. ಪ್ರಯೋಗಾಲಯದವರು ನನ್ನನ್ನು ಕಾಲಂ ಎನ್ನುತ್ತಾರೆ. ನನ್ನ ಹೊಟ್ಟೆಯ ತುಂಬ ಹಿಟ್ಟಿನಂಥ ಸಿಲಿಕಾ ಕಣಗಳಿವೆ. ಅವುಗಳ ಮೇಲೆ ಹತ್ತಿಯ ನಾರಿನಿಂದ ತಯಾರಿಸಿದ ತೆಳು ಲೇಪವಿದೆ. ಕೆಲವು ಔಷಧಗಳ ಅಣುಗಳು ಎಡಗೈ ಬಲಗೈಗಳಂತೆ ಎರಡು ರೂಪದಲ್ಲಿರುತ್ತವೆ. ನೋಡಲು ಒಂದೇ, ಗುಣ ಬೇರೆ. ಅವನ್ನು ಬೇರ್ಪಡಿಸಿ ತೋರಿಸುವುದೇ ನನ್ನ ಕಸುಬು.

ಬೀದರಿನ ಔಷಧ ಕಾರ್ಖಾನೆಯೊಂದಕ್ಕೆ ನಾನು ಬಂದಾಗ ಅಲ್ಲಿ ನನ್ನಂಥದೇ ಇನ್ನೊಂದು ಕಾಲಂ ಇತ್ತು. ಅದರ ಲೇಪವನ್ನು ಕಣಗಳ ಮೇಲೆ ಬರೀ ಬಳಿದಿದ್ದರು. ನನ್ನದನ್ನು ಕಣಗಳಿಗೇ ಬೆಸೆದಿದ್ದರು. ಒಂದು ದಿನ ಯಾರೋ, ನಮ್ಮನ್ನು ಜೋಡಿಸಿ ದ್ರಾವಕ ಹಾಯಿಸುವ ಯಂತ್ರದಲ್ಲಿ ಡೈಕ್ಲೋರೋಮೀಥೇನ್ ಎಂಬ ದ್ರಾವಕ ಉಳಿಸಿ ಹೋದರು. ಅದು ಒಳಗೆ ಹರಿದದ್ದೇ ತಡ, ಪಾಪ, ಆ ಕಾಲಂನ ಲೇಪವೆಲ್ಲ ಕರಗಿ ಹೋಯಿತು. ಮುಖ್ಯಸ್ಥರಾದ ವೈಜಿನಾಥ ಸರ್ ಸಿಟ್ಟಾಗಿ, ಇನ್ನು ಯಾವ ಕಾಲಂಗೂ ಆ ದ್ರಾವಕ ಹಾಕಕೂಡದೆಂದು ಗೋಡೆಗೆ ಚೀಟಿ ಅಂಟಿಸಿದರು.

ಆ ವರ್ಷವೇ ಮಕ್ಕಳ ಮೂರ್ಛೆರೋಗದ ಔಷಧವೊಂದು ಪರೀಕ್ಷೆಗೆ ಬಂತು. ಅದರ ಬಲಗೈ ರೂಪ ಫಿಟ್ಸ್ ತಡೆಯುತ್ತದೆ, ಎಡಗೈ ರೂಪ ಲಿವರ್ ಕೆಡಿಸುತ್ತದೆ. ಪರೀಕ್ಷೆ ಮಾಡುವ ಮಹಾನಂದಾ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಸೋಸಿ, ನನ್ನೊಳಗೆ ಬಿಟ್ಟಳು. ಪರದೆಯ ಮೇಲೆ ಬಲಗೈಯ ಗೆರೆಯೊಂದೇ ಎದ್ದಿತು, ಎಡಗೈ ಕಾಣಲಿಲ್ಲ. ಆದರೆ ಸೋಸಿದ ಮೇಲೆ ಚಿಟಿಕೆಯಷ್ಟು ಪುಡಿ ಕರಗದೆ ಉಳಿದಿತ್ತು. ಅವಳು ಅದನ್ನು ವೈಜಿನಾಥ ಸರ್‌ಗೆ ತೋರಿಸಿದಳು.

"ಇದರಾಗ ಏನದ ನೋಡ್ಬೇಕ್ರಿ ಸರ್. ಎರಡೂ ಕೈ ಜೋಡಿಯಾಗಿ ಹರಳುಗಟ್ಟಿದ್ರ ಆಲ್ಕೋಹಾಲಿನಾಗ ಲಗು ಕರಗಂಗಿಲ್ಲ. ಡೈಕ್ಲೋರೋಮೀಥೇನ್‌ನಾಗ ಅಷ್ಟೂ ಕರಗ್ತದ."

"ಗೋಡಿ ಮ್ಯಾಲಿಂದು ಓದಿಲ್ಲೇನು? ಈ ಕಾಲಂನೂ ಹಾಳಾಗ್ತದ."

"ಆಗಂಗಿಲ್ರಿ. ಇದರ ಲೇಪ ಬಳಿದದ್ದಲ್ಲ, ಬೆಸೆದದ್ದು."

"ರಿಪೋರ್ಟ್ ಚಲೋ ಬಂದದ. ಸುಮ್ನ ಸಹಿ ಮಾಡು."

"ಮಾಡಂಗಿಲ್ರಿ."

ಅವರ ಕಣ್ಣೆದುರೇ ಅವಳು ನನ್ನನ್ನು ಯಂತ್ರಕ್ಕೆ ಬಿಗಿದಳು. ಉಳಿದ ಪುಡಿಯನ್ನು ಕರಗಿಸಿಕೊಂಡ ದ್ರಾವಕ ಒಳಗೆ ನುಗ್ಗಿತು. ಜೊತೆಯದನ್ನು ಕೊಂದದ್ದು ಇದೇ ಎಂದು ನನಗೆ ಗೊತ್ತಿತ್ತು; ಬಾ, ನೋಡೇಬಿಡೋಣ ಎಂದುಕೊಂಡೆ. ಒಂದು ಎಳೆ ಲೇಪವೂ ಕದಲಲಿಲ್ಲ. ಪರದೆಯ ಮೇಲೆ ಗೆರೆಯೊಂದು ಎದ್ದು ಇಳಿಯಿತು. ತುಸು ಹೊತ್ತಿಗೆ ಪಕ್ಕದಲ್ಲೇ ಎರಡನೆಯದು ಎದ್ದಿತು. ಎಡಗೈ.

ವೈಜಿನಾಥ ಸರ್ ಕುರ್ಚಿ ಎಳೆದುಕೊಂಡು ಕೂತರು. "ಮತ್ತೊಮ್ಮೆ ಹಾಕು," ಎಂದರು. ಮೂರು ಸಲ ಹಾಕಿದಳು, ಮೂರು ಸಲವೂ ಅದೇ ಬಂತು. ಆ ಔಷಧ ಹೊರಗೆ ಹೋಗದಂತೆ ಕಡೆಗೆ ಅವರೇ ಸಹಿ ಹಾಕಿದರು.

ಈಗ ನನಗೆ ವಯಸ್ಸಾಗಿದೆ. ಕಣಗಳು ಕುಸಿದಿವೆ, ನಾನು ಎಬ್ಬಿಸುವ ಗೆರೆಗಳು ಮೊಂಡಾಗಿವೆ. ಡ್ರಾಯರಿನ ಮೂಲೆಯಲ್ಲಿ ಬಿದ್ದಿದ್ದೇನೆ. ನಾಳೆ ಗುಜರಿಗೆ ಹಾಕಿದರೆ ಹಾಕಲಿ, ಉಕ್ಕು ಕರಗಿದರೆ ಕರಗಲಿ. ಅವತ್ತು ಎರಡನೆಯ ಗೆರೆ ಎದ್ದಿರಲೇ ಇಲ್ಲ ಎಂದು ಮಾತ್ರ ಯಾರೂ ಬರೆಯಲಾರರು.